ಕಾಶ್ಯಪ ಗೋತ್ರದ ಮೂವರು

ನಮ್ಮ ಕನ್ನಡ ಸಂಘದವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದರೆ ಹಾಗೆ ಅನ್ನಿಸಬಹುದು. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಾಲ್ಕು ಮಾತು ಬೈದು ಕೈತೊಳೆದುಕೊಂಡು ಬೇರೊಂದು ಸಂಘ ಕಟ್ಟುತ್ತಿದ್ದೆ. ಹ್ಯೂಸ್ಟನ್ನಿನಲ್ಲಿ ಸಂಘ ಒಡೆಯಲು ಇದಕ್ಕಿಂತ ಸಣ್ಣ ಕಾರಣಗಳೂ ಸಾಕಾಗಿವೆ. ಬಿಸಿಬೇಳೆಬಾತಿಗೆ ಬೆಳ್ಳುಳ್ಳಿ ಬಿದ್ದಿತೆಂದು ಎರಡು ಮನೆಗಳು ಇವತ್ತಿಗೂ ಮಾತು ಬಿಟ್ಟಿವೆ.

೨೦೦೪ರ ಮಾತು. ನಾವಿದ್ದದ್ದು ಹ್ಯೂಸ್ಟನ್ನಿನ ಅಂಚಿನ ಕೇಟಿಯಲ್ಲಿ. ನನ್ನ ಗಂಡ ಮಹಾಂತಪ್ಪ ಎಣ್ಣೆ ಕಂಪನಿಯೊಂದರಲ್ಲಿ ಭೂವಿಜ್ಞಾನಿ, ನಾನು ಸಂಘದ ಕಾರ್ಯದರ್ಶಿ, ಮಗಳು ಗಾರ್ಗಿ ನಾಲ್ಕನೆಯ ಇಯತ್ತೆ. ಅಷ್ಟು ವರ್ಷ ಶಾಲೆಗಳ ಕೆಫೆಟೇರಿಯಾ ಬಾಡಿಗೆಗೆ ಹಿಡಿದು, ಪಿಜ್ಜಾ ವಾಸನೆಯ ನಡುವೆ ನಾಡಗೀತೆ ಹಾಡಿ ಬೇಸತ್ತಿದ್ದ ಸಂಘ, ಕೊನೆಗೂ ಊರಾಚೆ ಹೆದ್ದಾರಿಯಿಂದ ಒಳಗೆ ಒಂದು ಹಳ್ಳದ ದಂಡೆಗೆ ಐದು ಎಕರೆ ಕೊಂಡಿತ್ತು. ಕನ್ನಡ ಭವನ ಕಟ್ಟಬೇಕೆಂದು ಭೂಮಿಪೂಜೆಯೂ ಆಯಿತು. ಆಗಸ್ಟಿನ ಸುಡುಬಿಸಿಲಲ್ಲಿ ಪಾಯ ತೋಡಲು ಯಂತ್ರ ಬಂತು.

ಎರಡನೆಯ ದಿನವೇ ಯಂತ್ರ ನಿಂತಿತು. ಓಡಿಸುತ್ತಿದ್ದವನು ಕೆಳಗಿಳಿದು ಟೋಪಿ ತೆಗೆದು ಎದೆಗೆ ಹಿಡಿದುಕೊಂಡನಂತೆ. ಮಣ್ಣು ನೋಡಲೆಂದು ಹೋಗಿದ್ದ ನಮ್ಮವರು ಹತ್ತಿರ ಹೋಗಿ ನೋಡಿದರೆ ಎಲುಬುಗಳು. ಮೂವರದು. ಇಬ್ಬರು ದೊಡ್ಡವರು, ಒಂದು ಮಗು. ಮಗುವಿನ ಕೊರಳ ಹತ್ತಿರ ತೂತು ಕೊರೆದ ಸಣ್ಣ ಸಣ್ಣ ಚಿಪ್ಪುಗಳಿದ್ದವು. ಪೊಲೀಸರು ಬಂದು, ಇದು ಈಚಿನ ಕಾಲದ್ದಲ್ಲ ಎಂದು ಹೋದರು. ವಿಶ್ವವಿದ್ಯಾಲಯದ ಹೆಂಗಸೊಬ್ಬಳು ಬಂದು ಮಣ್ಣಲ್ಲಿ ಮಂಡಿಯೂರಿ ಕೂತು ನೋಡಿ, ಇವು ನೂರಾರು ವರ್ಷ ಹಿಂದಿನವು, ಈ ಕರಾವಳಿಯ ಮೂಲನಿವಾಸಿಗಳಾದ ಕರಾಂಕಾವಾ ಜನರವು ಇರಬೇಕು ಎಂದಳು. ಯಂತ್ರ ಆಗಲೇ ಮೇಲೆತ್ತಿಬಿಟ್ಟಿದ್ದರಿಂದ ಬೇರೆ ದಾರಿಯಿರಲಿಲ್ಲ. ಹತ್ತಿಯಲ್ಲಿ ಸುತ್ತಿ ಮೂರು ಪೆಟ್ಟಿಗೆಯಲ್ಲಿಟ್ಟು ಕೊಟ್ಟಳು. ‘ಇವರ ಜನ ಯಾರಾದರೂ ಇದ್ದರೆ ಅವರನ್ನು ಕೇಳಿ. ಸಾಧ್ಯವಾದರೆ ಇಲ್ಲೇ ವಾಪಸ್ ಇಡಿ’ ಎಂದು ಹೇಳಿಹೋದಳು.

ಪೆಟ್ಟಿಗೆ ಯಾರ ಮನೆಯಲ್ಲಿಡುವುದು? ನಮ್ಮ ಮನೆಯಲ್ಲೇ ಇರಲಿ ಎಂದರು ಮಹಾಂತಪ್ಪ. ಆದರೆ ಸಂಘದ ವಸ್ತುಗಳು ಅಧ್ಯಕ್ಷರ ಸುಪರ್ದಿಯಲ್ಲಿರಬೇಕು ಎಂದು ಖಜಾಂಚಿ ವೆಂಕಟೇಶ್ ನಿಯಮ ತೆಗೆದರು. ಹಾಗೆ ಆ ಮೂವರು ಸಂಘದ ವಸ್ತುಗಳಾಗಿ, ಕುರ್ಚಿ, ಮೈಕು, ಭುವನೇಶ್ವರಿಯ ಫೋಟೋ ಜೊತೆಗೆ, ಕ್ಲಿಯರ್ ಲೇಕಿನಲ್ಲಿ ಅಧ್ಯಕ್ಷ ಚಂದ್ರಮೋಹನರ ಗ್ಯಾರೇಜು ಸೇರಿದರು.

ಚಂದ್ರಮೋಹನರ ಬಗ್ಗೆ ಒಂದು ಮಾತು. ಮೈಸೂರಿನವರು, ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತಂದು, ಮನೆ ಸಿಗುವ ತನಕ ತಮ್ಮಲ್ಲೇ ಇಟ್ಟುಕೊಂಡು ಅನ್ನ ಹಾಕಿದ ಮನುಷ್ಯ. ನಾವೂ ಆ ಅನ್ನ ಉಂಡವರೇ. ಅದಕ್ಕೇ ಅವರ ಮುಂದೆ ನನ್ನ ಬಾಯಿ ಸ್ವಲ್ಪ ಕಟ್ಟುತ್ತದೆ.

ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ವಾರದೊಳಗೆ ಸಂಘದ ಫೋನು, ಅಂದರೆ ನಮ್ಮ ಅಡುಗೆಮನೆಯ ಫೋನು, ಹೊಡೆದುಕೊಂಡಿತು. ಮಾತಾಡಿದವರು ಒಫೀಲಿಯಾ ಗಾರ್ಸಾ ಎಂಬ ಹೆಂಗಸು, ಬೇ ಸಿಟಿಯವರು. ‘ನಿಮ್ಮ ಜಾಗದಲ್ಲಿ ಸಿಕ್ಕವರು ನಮ್ಮವರು’ ಎಂದರು. ಶನಿವಾರ ಬನ್ನಿ ಎಂದೆ.

ಬಂದವರು ಎಪ್ಪತ್ತರ ಹತ್ತಿರದ, ನೆಟ್ಟಗೆ ನಡೆಯುವ, ಬೆಳ್ಳಿ ಜಡೆಯ ಹೆಂಗಸು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ನಾನು ಬಡಿದಿಟ್ಟ ಜೋಳದ ರೊಟ್ಟಿಯನ್ನು ಕಂಡು, ನಮ್ಮಜ್ಜಿ ಮೆಕ್ಕೆಜೋಳದ್ದನ್ನು ಹೀಗೇ ಕೈಯಲ್ಲಿ ಬಡಿಯುತ್ತಿದ್ದಳು ಎಂದು ಎರಡು ಬೇಡಿ ತಿಂದರು. ಆಗ ಹೋಂವರ್ಕ್ ಮಾಡುತ್ತ ಕೂತಿದ್ದ ಗಾರ್ಗಿ ಅವರ ಮುಖವನ್ನೇ ನೋಡುತ್ತ ಹೇಳಿಬಿಟ್ಟಳು:

“ಬಟ್ ಮಮ್ಮಿ, ಕರಾಂಕಾವಾ ಆರ್ ಎಕ್ಸ್‌ಟಿಂಕ್ಟ್! ಅವರ್ ಬುಕ್ ಸೇಸ್ ಸೋ.”

ಆ ಜನ ನಿರ್ನಾಮವಾಗಿದ್ದಾರೆ ಎಂದು ಅವರೆದುರೇ ಅಂದುಬಿಟ್ಟಳಲ್ಲ, ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಫೀಲಿಯಾ ಮಾತ್ರ ನಕ್ಕರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. “ಹೌದು ಮಗೂ, ಆ ಪುಸ್ತಕ ನನಗೂ ಗೊತ್ತು. ನನ್ನ ಪಕ್ಕದ ಕ್ಲಾಸಿನಲ್ಲಿ ಪ್ರತಿ ವರ್ಷ ಅದೇ ಪಾಠ. ಗೋಡೆಯಾಚೆ ನಾವು ಸತ್ತೆವು ಅಂತ ಓದುತ್ತಿದ್ದರು, ಈಚೆ ನಾನು ಭಾಗಾಕಾರ ಹೇಳಿಕೊಡುತ್ತಿದ್ದೆ.”

ಆಮೇಲೆ ನಮ್ಮ ಕಡೆ ತಿರುಗಿ ನಿಧಾನಕ್ಕೆ ಹೇಳಿದರು. ಬಿಳಿಯರು ಬಂದು ನೆಲೆಯೂರಿದ ಕಾಲದಲ್ಲಿ ಅವರ ಜನರನ್ನು ಹಳ್ಳ, ಕೊಲ್ಲಿಗಳ ದಂಡೆಯಲ್ಲಿ ಬೆನ್ನಟ್ಟಿ ಕೊಂದದ್ದು. ಉಳಿದವರು ಯಾರು ಕೇಳಿದರೂ ಮೆಕ್ಸಿಕೋದವರು ಅಂತ ಹೇಳಿ ಎಂದು ಮಕ್ಕಳಿಗೆ ಕಲಿಸಿದ್ದು. ಅಜ್ಜಿ ಸಾಯುವ ಮುಂಚೆ ಕದ ಹಾಕಿಕೊಂಡು ನಿಜ ಹೇಳಿದ್ದು. “ಎಲುಬು ಸಿಕ್ಕಾಗಲೆಲ್ಲ ನಾನು ಹೋಗಿ ಕೇಳಿದ್ದೇನೆ. ಡಲ್ಲಾಸಿನ ಮ್ಯೂಸಿಯಮ್ಮಿನಲ್ಲಿ ಕೇಳಿದೆ, ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಕೇಳಿದೆ. ಆಸ್ಟಿನ್ ಊರಿಗೆ ತನ್ನ ಹೆಸರು ಬಿಟ್ಟುಹೋದ ಬಿಳಿಯನ ಜನವೇ ನಮ್ಮನ್ನು ಬೇಟೆಯಾಡಿದ್ದು, ಅಲ್ಲಿಗೇ ಹೋಗಿ ಬೇಡಿದೆ. ನಿಮ್ಮ ಜನಾಂಗವೇ ಇಲ್ಲ ಅಂದಮೇಲೆ ನಿಮಗೆ ಹೇಗೆ ಕೊಡೋದು ಅಂತಾರೆ. ಕಪಾಟಿನಲ್ಲಿ ನಂಬರ್ ಹಚ್ಚಿ ಇಟ್ಟುಕೊಂಡಿದ್ದಾರೆ.”

ಅವರು ಕೇಳಿದ್ದು ಎರಡೇ. ಒಂದು, ಆ ಮೂವರನ್ನು ಅದೇ ಮಣ್ಣಿಗೆ ಹಿಂದಿರುಗಿಸಬೇಕು. ಎರಡು, ಅಲ್ಲಿ ನಡೆದದ್ದನ್ನು ನಾಲ್ಕು ಜನ ಸೇರಿದ ಕಡೆ ನಿಂತು ಹೇಳಲು ಬಿಡಬೇಕು. “ಇವರಲ್ಲಿ ಯಾರಾದರೂ ಒಬ್ಬರನ್ನಾದರೂ ನನ್ನ ಕೈಯಾರೆ ಮಲಗಿಸಬೇಕು. ಇಷ್ಟು ವರ್ಷದಲ್ಲಿ ಒಬ್ಬರೂ ಸಿಕ್ಕಿಲ್ಲ.”

ಮಹಾಂತಪ್ಪ ಮನೆಯಲ್ಲಿ ನಾನು ಹತ್ತು ಮಾತಾಡಿದರೆ ಒಂದು ಆಡುವ ಮನುಷ್ಯ. ಅವತ್ತು ಇಂಗ್ಲಿಷಿನಲ್ಲಿ ಅವರೇ ಶುರುಮಾಡಿದರು. ನಮ್ಮಲ್ಲಿ, ಲಿಂಗಾಯತರಲ್ಲಿ, ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಕೂತ ಭಂಗಿಯಲ್ಲಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ ಇಳಿಸುತ್ತೇವೆ. ಸಾವಿಗೆ ಹೋಗುವುದಕ್ಕೂ ನಮ್ಮ ಕಡೆ ‘ಮಣ್ಣಿಗೆ ಹೋಗುವುದು’ ಅಂತಲೇ ಅನ್ನುತ್ತೇವೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಹೋಗುತ್ತಾರೆ. “ನಮ್ಮವ್ವನನ್ನು ನಾನೇ ಕುಣಿಯೊಳಗೆ ಇಳಿದು ಕೂಡಿಸಿದೆ. ಅವಳನ್ನು ಯಾರಾದರೂ ಯಂತ್ರದಿಂದ ಎತ್ತಿದ್ದರೆ...” ಎಂದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು.

ನಾನು ಒಫೀಲಿಯಾರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ನಮ್ಮಲ್ಲಿ ಹಾಗೆ ಕೊಟ್ಟರೆ ಅದು ಆಣೆ ಎಂದು ಅವರಿಗೆ ಬಿಡಿಸಿಯೂ ಹೇಳಿದೆ.

ಸೆಪ್ಟೆಂಬರಿನಲ್ಲಿ ಶುಗರ್ ಲ್ಯಾಂಡಿನ ಶಾಲೆಯೊಂದರಲ್ಲಿ ಸಂಘದ ಸರ್ವಸದಸ್ಯರ ಸಭೆ. ನಾನು ಜಗಳಕ್ಕೆ ಸೀರೆ ಸೆರಗು ಕಟ್ಟಿಕೊಂಡೇ ಹೋಗಿದ್ದೆ. ಜಗಳವೇ ಆಗಲಿಲ್ಲ. ನಾನು ಹೇಳಿ ಮುಗಿಸುವಷ್ಟರಲ್ಲಿ ಎಷ್ಟೋ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಚಂದ್ರಮೋಹನರು ಎದ್ದು ನಿಂತು ಮಾತಾಡಿದರು.

“ನೋಡಿ, ನಮ್ಮ ತಾತನ ಊರು ಕನ್ನಂಬಾಡಿ ಕಟ್ಟೆ ಕಟ್ಟಿದಾಗ ನೀರೊಳಗೆ ಹೋಯ್ತು. ಬೇಸಿಗೇಲಿ ನೀರು ಇಳಿದಾಗ ಗುಡಿ ಗೋಪುರ ಕಾಣುತ್ತೆ ಅಂತ ನಮ್ಮಜ್ಜಿ ಬಸ್ ಹತ್ತಿ ಹೋಗಿ ನಿಂತ್ಕೊಂಡು ಅಳೋರು. ನೆಲ ಕಳ್ಕೊಂಡೋರ ಸಂಕಟ ಏನೂಂತ ನಂಗೆ ಗೊತ್ತು. ನಾವು ಈ ದೇಶದಲ್ಲಿ ಅತಿಥಿಗಳು. ಆತಿಥೇಯರು ಯಾರು ಅಂತ ಇವತ್ತು ಗೊತ್ತಾಯ್ತು. ಆಕೆ ಏನು ಕೇಳಿದ್ದಾರೋ ಅದಾಗ್ಲಿ.”

ಚಪ್ಪಾಳೆಯೋ ಚಪ್ಪಾಳೆ. ಭವನವನ್ನು ಹಳ್ಳದಿಂದ ದೂರಕ್ಕೆ ಸರಿಸುವುದು, ರಾಜ್ಯೋತ್ಸವವನ್ನು ಆ ಜಾಗದಲ್ಲೇ ಶಾಮಿಯಾನ ಹಾಕಿ ಮಾಡುವುದು, ಅವತ್ತು ಬೆಳಿಗ್ಗೆ ಮೂವರನ್ನೂ ಮಣ್ಣಿಗಿಳಿಸಿ, ಆಮೇಲೆ ಒಫೀಲಿಯಾರ ಮಾತು ಇಡುವುದು ಎಂದಾಯಿತು. ಒಬ್ಬ ಮಹಾತಾಯಿ, ಮಕ್ಕಳಿಗೆ ಗರಿಯ ಕಿರೀಟ ಕಟ್ಟಿ ರೆಡ್ ಇಂಡಿಯನ್ ಡ್ಯಾನ್ಸ್ ಮಾಡಿಸೋಣ ಎಂದಳು. ಹಂಗ ಮಾಡಿದರ ನಾನು ಸ್ಟೇಜಿನ ಮ್ಯಾಲೆ ಬಂದು ಕಿರೀಟ ಕಿತ್ತಿ ಒಗೀತೀನಿ ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಅವತ್ತು ರಾತ್ರಿ ಎಷ್ಟು ಸಂತೋಷದಿಂದ ಒಫೀಲಿಯಾರಿಗೆ ಫೋನ್ ಮಾಡಿದ್ದೆ! ಅವರು, ನನ್ನ ತಮ್ಮನಿಗೆ ಹೇಳುತ್ತೇನೆ, ಅವನು ನಂಬುವುದಿಲ್ಲ ಎಂದರು.

ಸಭೆಯಲ್ಲಿ ಮಾತಾಡದೆ ಕೂತಿದ್ದವನೆಂದರೆ ಕೃಷ್ಣಚೈತನ್ಯ ಒಬ್ಬನೇ. ಉಡುಪಿಯ ಹುಡುಗ, ಐದು ದಿನ ಸಾಫ್ಟ್‌ವೇರ್, ಶನಿವಾರ ಭಾನುವಾರ ಪೌರೋಹಿತ್ಯ. ಭೂಮಿಪೂಜೆ ಮಾಡಿಸಿದವನೂ ಅವನೇ. ಮುಗಿದ ಮೇಲೆ ಕಾಫಿ ಲೋಟ ಹಿಡಿದು ನನ್ನ ಹತ್ತಿರ ಬಂದ.

“ಅಕ್ಕಾ, ಇದು ಶಲ್ಯ ದೋಷ ಅಲ್ವಾ? ಕಟ್ಟುವ ನೆಲದಲ್ಲಿ ಎಲುಬು ಇರ್ಬಾರ್ದು, ತೆಗೀಲೇಬೇಕು ಅಂತ ಶಾಸ್ತ್ರ. ತೆಗೆದದ್ದನ್ನು ಪುನಃ ಹಾಕುದಂದ್ರೆ ಹೇಗೆ ಮಾರಾಯ್ರೆ? ನಾಳೆ ಅಲ್ಲಿ ಒಂದು ಮದುವೆ, ಒಂದು ನಾಮಕರಣ ಮಾಡ್ಲಿಕ್ಕೆ ಆಗ್ತದಾ?”

“ನಮ್ಮ ಕಡೆ ಹೊಲದಾಗ ಹಿರಿಯರನ್ನ ಇಟ್ಟು ಅಲ್ಲೇ ಜ್ವಾಳ ಬಿತ್ತತೀವಪಾ. ಅದೇ ಜ್ವಾಳದ್ದು ಲಗ್ನದ ಊಟ ಆಗತೈತಿ. ಏನ್ ದೋಷ ಬಂದಿಲ್ಲ,” ಎಂದೆ. ಅವನು ನಕ್ಕು ಲೋಟ ಇಟ್ಟು ಹೋದ. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಅಕ್ಟೋಬರಿನಲ್ಲಿ ಚಂದ್ರಮೋಹನರ ಸೊಸೆ ಇಶಾ ಸೀಮಂತಕ್ಕೆಂದು ಆಸ್ಟಿನ್‌ನಿಂದ ಕ್ಲಿಯರ್ ಲೇಕಿಗೆ ಬಂದಳು. ನಾವೂ ಹೋಗಿ ಮಡಿಲು ತುಂಬಿ ಬಂದೆವು. ಇಷ್ಟೇ ನನಗೆ ಗೊತ್ತಿದ್ದದ್ದು.

ರಾಜ್ಯೋತ್ಸವದ ಹಿಂದಿನ ದಿನ ಮಹಾಂತಪ್ಪ ಕೆಲಸಕ್ಕೆ ರಜೆ ಹಾಕಿ ಕುಣಿ ತೋಡಿದರು. ಯಂತ್ರ ಬೇಡ, ಕೈಯಲ್ಲೇ ತೋಡುತ್ತೇನೆ ಎಂದು ಸಲಿಕೆ ತೆಗೆದುಕೊಂಡು ಹೋದವರು ಸಂಜೆ ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡು ಬಂದರು. ತಳದಲ್ಲಿ ಮರಳು ಹಾಸಿ, ಅಂಚುಗಳನ್ನು ಸವರಿ ನಯಮಾಡಿದ್ದರು. ನಾನು ಕೈಗೆ ಅರಿಶಿನ ಹಚ್ಚುತ್ತ, ಇಷ್ಟು ಚಂದಂಗೆ ಒಮ್ಮೆರ ನಮ್ಮ ಹಿತ್ತಲಾ ಅಗದಿದ್ರ ಬದನಿಕಾಯಿ ಬೆಳಕೋತಿದ್ವಿ ಎಂದು ಛೇಡಿಸಿದೆ.

ಮರುದಿನ ಬೆಳಿಗ್ಗೆ ಅವರು ಪೆಟ್ಟಿಗೆ ತರಲು ಕ್ಲಿಯರ್ ಲೇಕಿಗೆ ಹೋದರು. ನಾನು ಗಾರ್ಗಿಯನ್ನು ಕರೆದುಕೊಂಡು ಜಾಗಕ್ಕೆ ಬಂದೆ. ಶಾಮಿಯಾನ ಎದ್ದಿತ್ತು. ಕೆಂಪು ಹಳದಿ ಬಾವುಟ ಕಟ್ಟುತ್ತಿದ್ದರು. ಯಾರೋ ಬೇಗ ಬಂದು ಪುಳಿಯೋಗರೆಯ ತಟ್ಟೆಗಳನ್ನು ಇಳಿಸುತ್ತಿದ್ದರು. ಆಗ ನನ್ನ ಮೊಬೈಲಿಗೆ ಫೋನ್ ಬಂತು.

“ಶಕುಂತಲಾ, ಪೆಟಗಿ ಖಾಲಿ ಅದಾವ.”

“ಖಾಲಿ ಅಂದ್ರ?”

“ಹತ್ತಿ ಅಷ್ಟ ಐತಿ. ಚಂದ್ರಮೋಹನರು ಆಗಲೇ ಆ ಕಡೆ ಹೊಂಟಾರಂತ. ನೀನ ಕೇಳು. ನನ್ನ ಕೈಲೆ ಆಗಂಗಿಲ್ಲ.”

ಚಂದ್ರಮೋಹನರ ಕಾರು ಬಂದು ನಿಂತಿತು. ರೇಷ್ಮೆ ಜುಬ್ಬಾ, ಹೆಗಲ ಮೇಲೆ ಶಲ್ಯ. ಹಿಂದಿನ ಸೀಟಿನಲ್ಲಿ ಒಫೀಲಿಯಾರಿಗೆಂದು ತಂದ ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ. ಜೊತೆಗೆ ಕೃಷ್ಣಚೈತನ್ಯ, ವೆಂಕಟೇಶ್. ನನ್ನ ಮುಖ ಕಂಡೊಡನೆ ವಿಷಯ ಗೊತ್ತಾಗಿದೆಯೆಂದು ಅವರಿಗೆ ತಿಳಿಯಿತು. ಆದರೂ ಆ ಮುಖದಲ್ಲಿ ಕಳ್ಳತನವಿರಲಿಲ್ಲ. ನನಗೆ ಇವತ್ತಿಗೂ ಮರೆಯಲಾಗದ್ದು ಅದೇ.

“ಶಕುಂತಲಾ ಅವರೇ, ನಾನೇ ಹೇಳೋಣ ಅಂತಿದ್ದೆ. ಮಹಾಲಯ ಅಮಾವಾಸ್ಯೆ ದಿನ ಗ್ಯಾಲ್ವೆಸ್ಟನ್‌ಗೆ ಹೋಗಿ ದೋಣಿ ಮಾಡ್ಕೊಂಡು ಸಮುದ್ರದಲ್ಲಿ ವಿಸರ್ಜನೆ ಮಾಡಿದ್ವಿ. ಸರ್ವಪಿತೃ ಅಮಾವಾಸ್ಯೆ, ಅದಕ್ಕಿಂತ ಒಳ್ಳೇ ದಿನ ಇಲ್ಲ. ಎಳ್ಳು, ದರ್ಭೆ, ಪಿಂಡ ಎಲ್ಲಾ ಶಾಸ್ತ್ರೋಕ್ತವಾಗಿ. ಉಪವಾಸ ಇದ್ದು ಮಾಡ್ದೆ ಕಣಮ್ಮ. ನಮ್ಮಪ್ಪನಿಗೂ ನಾನು ಇಷ್ಟು ಶ್ರದ್ಧೆಯಿಂದ ಮಾಡಿರ್ಲಿಲ್ಲ.”

“ಸಭಾದಾಗ ಒಪ್ಪಿದ್ರಿ. ನೀವ ಒಪ್ಪಿದ್ರಿ. ಮಣ್ಣಿಗೆ ಅಂದಿದ್ವಿ,” ಎಂದೆ.

“ಒಪ್ಪಿದ್ದೆ. ಆದ್ರೆ ಮನೇಲಿ ತುಂಬಿದ ಬಸುರಿ. ಗ್ಯಾರೇಜಲ್ಲಿ ಅದನ್ನಿಟ್ಕೊಂಡು ಸೀಮಂತ ಮಾಡೋದು ಹೇಗೆ ಅಂತ ನಮ್ಮನೆಯವಳು ಅನ್ನ ಬಿಟ್ಟಳು. ಸರಿ, ಈ ಕೃಷ್ಣಚೈತನ್ಯನ್ನ ಕೇಳ್ದೆ. ಮಣ್ಣಲ್ಲಿದ್ರೆ ಅವರಿಗೂ ಗತಿ ಇಲ್ಲ, ನಮಗೂ ಒಳ್ಳೇದಲ್ಲ ಅಂದ. ಅಷ್ಟು ನೂರು ವರ್ಷ ಆ ಜೀವಗಳು ಅಲ್ಲೇ ಸಿಕ್ಕಿಹಾಕ್ಕೊಂಡಿದ್ವಲ್ಲ, ಬಿಡಿಸಿದ್ವಿ ಅಂದ್ಕೊಳ್ಳಿ.”

“ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲರಿ!”

ಅವರು ನೆಲ ನೋಡಿದರು. “ಕೇಳಿದ್ರೆ ನೀವು ಬೇಡ ಅಂತಿದ್ರಿ.”

ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದರು ಎಂದು ನಮ್ಮಲ್ಲಿ ನಗುತ್ತಾರೆ. ಇಲ್ಲಿ ನಗುವುದಕ್ಕೆ ಏನೂ ಇರಲಿಲ್ಲ. ಕಳೆದುಹೋದ ಹೆಣಕ್ಕೆ ಹುಡುಕಾಡಬಹುದು, ಕದ್ದದ್ದನ್ನು ಹಿಂದಕ್ಕೆ ಕೇಳಬಹುದು, ಕಪಾಟಿನಲ್ಲಿ ನಂಬರ್ ಹಚ್ಚಿಟ್ಟದ್ದನ್ನೂ ಇವತ್ತಲ್ಲ ನಾಳೆ ಬಿಡಿಸಿಕೊಳ್ಳಬಹುದು. ಕೊಲ್ಲಿಯ ನೀರಿಗೆ ಹಾಕಿದ್ದನ್ನು ಯಾರು ತಂದುಕೊಡುತ್ತಾರೆ? ಈ ನೆಲದಲ್ಲಿ ಅವರ ವೈರಿಗಳಿಗೂ ಮಾಡಲಾಗದ್ದನ್ನು ನಾವು ಉಪವಾಸವಿದ್ದು, ಮಡಿಯುಟ್ಟು ಮಾಡಿ ಬಂದಿದ್ದೆವು. ನನಗೆ ಅವರ ಮೇಲೆ ಕೈ ಎತ್ತಬೇಕು ಅನ್ನಿಸಿತು, ಅವರ ಕಾಲ ಬಳಿ ಕೂತು ಅಳಬೇಕು ಅಂತಲೂ ಅನ್ನಿಸಿತು.

ವೆಂಕಟೇಶ್ ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ಆಗಿದ್ದು ಆಗೋಯ್ತು. ಪೆಟ್ಟಿಗೆಗಳಿಗೆ ಅದೇ ಜಾಗದ ಮಣ್ಣು ತುಂಬಿ ಬಟ್ಟೆ ಸುತ್ತಿ ಇಳಿಸಿಬಿಡೋಣ. ಅದೂ ಅವರ ಮಣ್ಣೇ ಅಲ್ವಾ? ಆಕೆ ಮನಸ್ಸಿಗೂ ಸಮಾಧಾನ. ಯಾಕೆ ಸುಮ್ನೆ ಈ ವಯಸ್ಸಲ್ಲಿ ನೋವು ಕೊಡೋದು?”

ಸುತ್ತ ನಿಂತವರು ಯಾರೂ ಬೇಡ ಅನ್ನಲಿಲ್ಲ. ಸಮಿತಿಯ ಹೆಂಗಸೊಬ್ಬಳು, ಅದೇ ಒಳ್ಳೇದೇನೋ ಎಂದು ಮೆಲ್ಲಗೆ ಹೇಳಿದಳು. ಶಾಮಿಯಾನದ ಮೇಲೆ ಆಗಷ್ಟೇ ಬ್ಯಾನರ್ ಏರಿಸುತ್ತಿದ್ದರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ: ‘ಸತ್ಯಕ್ಕೆ ಕಿವಿಗೊಡೋಣ’. ಒಪ್ಪವಾಗಿರಲೆಂದು ಆ ಸಾಲನ್ನು ಬರೆದುಕೊಟ್ಟವಳು ನಾನೇ.

ಅಷ್ಟರಲ್ಲಿ ಎರಡು ಕಾರು ಬಂದವು. ಒಫೀಲಿಯಾ ಇಳಿದರು. ಕಪ್ಪು ಪೋಷಾಕು, ಜಡೆಗೆ ಕೆಂಪು ದಾರ. ಅವರ ಮುದಿ ತಮ್ಮ ಕೋಲೂರಿಕೊಂಡು ಇಳಿದ. ತಮ್ಮನ ಮಗಳ ಕೈಯಲ್ಲಿ ಮೂರು ಹೊಸ ಕಂಬಳಿಗಳಿದ್ದವು, ಒಂದು ಚಿಕ್ಕದು. ಚಿಕ್ಕದನ್ನು ನೋಡಿದ ಮೇಲೆ ನನಗೆ ಸುಳ್ಳು ಹೇಳುವ ಶಕ್ತಿ ಉಳಿಯಲಿಲ್ಲ.

ಅವರನ್ನು ಕುಣಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದೆ. ಹೇಗೆ ಹೇಳಿದೆನೋ ತಿಳಿಯದು. ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ, ಎರಡು ಸಲ ಕೇಳಿದ. ಆಮೇಲೆ, ನಾನು ಹೇಳಿರಲಿಲ್ಲವೇ ಎಂಬಂತೆ ಅಕ್ಕನ ಕಡೆ ನೋಡಿ ಕಾರಿನ ಹತ್ತಿರ ಹೋಗಿ ನಿಂತ. ಒಫೀಲಿಯಾ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ನೀರಿನಲ್ಲಿ ಎಲ್ಲಿ?” ಎಂದು ಕೇಳಿದರು.

ಚಂದ್ರಮೋಹನರು ಹತ್ತಿರ ಬಂದಿದ್ದರು. ದಂಡೆಯಿಂದ ಬಹಳ ದೂರ, ಆಳದಲ್ಲಿ ಎಂದರು. ಆಳದಲ್ಲಿ ಎಂಬುದನ್ನು ಆಗಲೂ ಒಳ್ಳೆಯ ಸುದ್ದಿಯ ಹಾಗೆ ಹೇಳಿದರು, ಪಾಪ. ಆಮೇಲೆ ಕೈಮುಗಿದು, ನಾವು ಗೌರವದಿಂದಲೇ ಮಾಡಿದೆವು, ನಮ್ಮ ತಂದೆತಾಯಿಗೆ ಮಾಡುವುದನ್ನೇ ಮಾಡಿದೆವು ಎಂದರು. ಅವರ ಕಣ್ಣಲ್ಲಿ ನೀರಿತ್ತು.

“ನಂಬುತ್ತೇನೆ,” ಎಂದರು ಒಫೀಲಿಯಾ. “ಪ್ರಾರ್ಥನೆ ಮಾಡಿದಿರಾ? ಏನೆಂದು ಹೇಳಿದಿರಿ ಅವರಿಗೆ?”

ಚಂದ್ರಮೋಹನರು ಕೃಷ್ಣಚೈತನ್ಯನ ಕಡೆ ನೋಡಿದರು. ಆ ಹುಡುಗನಿಗೆ ಸುಳ್ಳು ಬಾರದು. ತಡವರಿಸುತ್ತ ಇಂಗ್ಲಿಷಿನಲ್ಲಿ ವಿವರಿಸಿದ. ತರ್ಪಣ ಬಿಡುವಾಗ ಸತ್ತವರ ಹೆಸರು, ಗೋತ್ರ ಎರಡೂ ಹೇಳಬೇಕು. ಗೋತ್ರ ಅಂದರೆ ಇವರು ಯಾರ ವಂಶದವರು ಅನ್ನುವುದು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಎಂದು ಹೇಳುವ ಪದ್ಧತಿ ಇದೆ, ಹಾಗೆ ಹೇಳಿದೆವು. ಆಮೇಲೆ ಕೊನೆಯ ಮಂತ್ರ. ಒಫೀಲಿಯಾ ಅದರ ಅರ್ಥ ಕೇಳಿದರು.

“ತಂದೆ ಇಲ್ಲದವರು, ಒಡಹುಟ್ಟಿದವರಿಲ್ಲದವರು, ಮಕ್ಕಳಿಲ್ಲದವರು, ಕುಲದಲ್ಲಿ ಒಬ್ಬರೂ ಉಳಿಯದವರು, ಈ ನೀರಿನಿಂದ ತೃಪ್ತರಾಗಲಿ ಅಂತ.”

ಒಫೀಲಿಯಾ ತಲೆಯಾಡಿಸಿದರು. ಗಣಿತದ ಮೇಷ್ಟ್ರು ಉತ್ತರ ತಾಳೆ ನೋಡಿದ ಹಾಗೆ ಇನ್ನೊಮ್ಮೆ ಕೇಳಿದರು: “ಕುಲದಲ್ಲಿ ಒಬ್ಬರೂ ಉಳಿಯದವರು?”

“ಹೌದು ಮ್ಯಾಮ್.”

“ಹಾಗಾದರೆ ಅವರನ್ನು ನೀರಿಗೆ ಬಿಡುವಾಗ ಅವರ ಕಿವಿಗೆ ಬಿದ್ದ ಕೊನೆಯ ಮಾತು, ನಿಮಗೆ ಯಾರೂ ಇಲ್ಲ ಅನ್ನುವುದು. ನಾನು ಎಪ್ಪತ್ತು ಮೈಲಿ ದೂರದಲ್ಲಿ ಕಂಬಳಿ ಹೊಲಿಯುತ್ತ ಕೂತಿದ್ದೆ.”

ಅಷ್ಟರಲ್ಲಿ ಮಹಾಂತಪ್ಪ ಬಂದರು. ಕುಣಿಯ ಆಚೆ ದಂಡೆಗೆ ನಿಂತು ತಲೆ ತಗ್ಗಿಸಿದರು. ಒಫೀಲಿಯಾ ಕುಣಿಯೊಳಗೆ ಬಗ್ಗಿ ನೋಡಿದರು, ತಳದ ಮರಳನ್ನು, ಸವರಿದ ಅಂಚುಗಳನ್ನು. “ಕೈಯಲ್ಲೇ ತೋಡಿದಿರಾ?” ಎಂದರು. ಅವರು ಹೌದೆಂದರು. “ಚೆನ್ನಾಗಿ ತೋಡಿದ್ದೀರಿ,” ಎಂದು ಹೇಳಿ ತಮ್ಮನ ಮಗಳ ತೋಳು ಹಿಡಿದು ಕಾರಿನ ಕಡೆ ನಡೆದರು. ಪೇಟ, ಹಾರ ಕಾರಿನಲ್ಲೇ ಉಳಿದವು.

ಹತ್ತೂವರೆಗೆ ಎಂದಿದ್ದ ಕಾರ್ಯಕ್ರಮ ಹನ್ನೊಂದಕ್ಕೆ ಶುರುವಾಯಿತು. ಅಷ್ಟು ಜನ ಬಂದಿದ್ದರು, ಮಕ್ಕಳು ತಿಂಗಳಿಂದ ನೃತ್ಯ ಅಭ್ಯಾಸ ಮಾಡಿದ್ದರು, ಬೇಡ ಅನ್ನುವುದು ಹೇಗೆ? ಮುಖ್ಯ ಅತಿಥಿಗಳಿಗೆ ಅನಿವಾರ್ಯ ಕಾರಣದಿಂದ ಬರಲಾಗಿಲ್ಲ ಎಂದು ಮೈಕಿನಲ್ಲಿ ಹೇಳಿದರು. ನಾವು ಗಂಡಹೆಂಡತಿ ಕುಣಿಯ ಹತ್ತಿರವೇ ನಿಂತಿದ್ದೆವು. ತೆರೆದಿಟ್ಟರೆ ಮಕ್ಕಳು ಬಿದ್ದಾವು, ಮುಚ್ಚಿಬಿಡಿ ಎಂದು ಯಾರೋ ಕೂಗಿದರು. ಮಹಾಂತಪ್ಪ ಸಲಿಕೆ ಎತ್ತಿಕೊಂಡರು. ನಾನು ಅಭ್ಯಾಸಬಲದಿಂದ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಹಾಕುವುದು ಯಾರ ಮೇಲೆ? ಕೆಳಗೆ ಬರೀ ಮರಳು. ನನ್ನ ಗಂಡ ಅತ್ತದ್ದನ್ನು ಅವರ ಅವ್ವನ ಮಣ್ಣಿನಲ್ಲೂ ನಾನು ಕಂಡಿರಲಿಲ್ಲ. ಅವತ್ತು ಕಂಡೆ. ಗಾರ್ಗಿ ಬಂದು ಅಪ್ಪನ ಅಂಗಿ ಹಿಡಿದು ನಿಂತಳು.

ಮುಂದಿನ ಸಭೆಯಲ್ಲಿ, ಈಗ ಅಲ್ಲಿ ಏನೂ ಇಲ್ಲವಾದ್ದರಿಂದ ಭವನವನ್ನು ಸರಿಸುವ ಅಗತ್ಯವಿಲ್ಲ ಎಂದು ತೀರ್ಮಾನವಾಯಿತು. ಕೈ ಎತ್ತದವರು ನಾವಿಬ್ಬರೇ. ನಾನು ಕಾರ್ಯದರ್ಶಿ ಸ್ಥಾನ ಬಿಟ್ಟೆ; ಬಿಟ್ಟದ್ದಕ್ಕೆ ಎಲ್ಲರೂ ಮನಸಾರೆ ಬೇಸರಪಟ್ಟರು. ಒಂದು ವರ್ಷದಲ್ಲಿ ಭವನ ಎದ್ದಿತು. ಮಹಾಂತಪ್ಪ ತೋಡಿದ ಕುಣಿಯ ಮೇಲೆ ಈಗ ವೇದಿಕೆಯಿದೆ. ಅಲ್ಲಿ ನಡೆದ ಮೊದಲ ಶುಭಕಾರ್ಯ ಚಂದ್ರಮೋಹನರ ಮೊಮ್ಮಗಳ ಮೊದಲ ಹುಟ್ಟುಹಬ್ಬ. ಕರೆಯಲು ಮನೆಗೇ ಬಂದಿದ್ದರು, ತುಂಬ ಇಳಿದುಹೋಗಿದ್ದರು. ಕುಂಕುಮ ಕೊಟ್ಟು ಹೋಗುವಾಗ ಬಾಗಿಲಲ್ಲಿ ನಿಂತು, “ಅಮಾವಾಸ್ಯೆ ಬಂದ್ರೆ ನಂಗೆ ನಿದ್ದೆ ಬರಲ್ಲ ಕಣಮ್ಮ,” ಎಂದರು. ಬರ್ತೀವ್ರಿ ಎಂದೆ. ಹೋಗಲಿಲ್ಲ.

ಭವನದ ಬಾಗಿಲ ಪಕ್ಕದಲ್ಲಿ ಸಂಘ ಒಂದು ಕಲ್ಲಿನ ಫಲಕ ಹಾಕಿಸಿದೆ. ಒಳ್ಳೆಯ ಕಪ್ಪು ಕಲ್ಲು, ಮೈಸೂರಿನಿಂದ ತರಿಸಿದ್ದು. ‘ಒಂದು ಕಾಲದಲ್ಲಿ ಇಲ್ಲಿ ಬಾಳಿ ಇಂದು ಇಲ್ಲವಾದ ಕರಾಂಕಾವಾ ಜನರ ಪವಿತ್ರ ನೆನಪಿಗೆ’ ಎಂದು ಎರಡೂ ಭಾಷೆಯಲ್ಲಿ ಕೆತ್ತಿಸಿದ್ದಾರೆ. ಅದನ್ನು ಕೆತ್ತುವ ಮುಂಚೆ ನೋಡಿದ್ದರೆ ಜಗಳವಾಡುತ್ತಿದ್ದೆ. ನೋಡಿದಾಗ ಉದ್ಘಾಟನೆಯಾಗಿ ಹೂವಿನ ಹಾರವೂ ಬಾಡಿತ್ತು.

ಅವತ್ತು ಮನೆಗೆ ಬಂದವಳೇ ಒಫೀಲಿಯಾರಿಗೆ ಫೋನ್ ಮಾಡಿದೆ. ಎಷ್ಟೋ ಸಲ ನಂಬರು ಒತ್ತಿ ಇಟ್ಟುಬಿಟ್ಟಿದ್ದ ನಾನು ಅವತ್ತು ಇಡಲಿಲ್ಲ. ಅವರೇ ಎತ್ತಿದರು. ಫಲಕದ ಮಾತು ಹೇಳಿ, ಅದನ್ನು ತೆಗೆಸಲು ಆದಷ್ಟೂ ಪ್ರಯತ್ನಿಸುತ್ತೇನೆ ಎಂದೆ. ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು.

“ಶಕುಂತಲಾ,” ಎಂದರು. ನನ್ನ ಹೆಸರನ್ನು ಅವರು ಕಲಿತು ಸರಿಯಾಗಿ ಉಚ್ಚರಿಸುತ್ತಿದ್ದರು. “ನೀವು ಅವತ್ತು ನಿಜ ಹೇಳಿದಿರಿ. ನನಗೆ ಯಾರೂ ಅಷ್ಟೂ ಮಾಡಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಮಣ್ಣು ತುಂಬಿ ಕೊಟ್ಟಿದ್ದರೆ ನಾನು ಮಲಗಿಸಿ ಬರುತ್ತಿದ್ದೆ, ರಾತ್ರಿ ನಿದ್ದೆ ಮಾಡುತ್ತಿದ್ದೆ. ಎರಡರಲ್ಲಿ ಯಾವುದು ಬೇಕಿತ್ತು ಅಂತ ನಾನು ದಿನಾ ಕೇಳಿಕೊಳ್ಳುತ್ತೇನೆ. ಇನ್ನು ಮೇಲೆ ಫೋನ್ ಮಾಡಬೇಡಿ.”

ನಾನು ಆಯಿತೆಂದೆ. ಅವರು ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ. ಆಮೇಲೆ ಗಾರ್ಗಿ ಹಸಿವು ಎಂದಳು, ಎದ್ದು ರೊಟ್ಟಿಗೆ ಹಿಟ್ಟು ನಾದಿದೆ.